ಸೀಲ್, ಗ್ಯಾಸ್ಕೆಟ್, ಎಕ್ಸ್‌ಪಾನ್ಷನ್ ಜಾಯಿಂಟ್: ಪದಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣಾಗಾರ, ರಾಸಾಯನಿಕ ಘಟಕ ಮುಂತಾದ ಕಡೆ ನಿರ್ವಹಣೆಯ ಕೆಲಸ ಮಾಡುವ ಫಿಟ್ಟರ್‌ಗಳು, ಸ್ಟೋರ್ಸ್ ಸಿಬ್ಬಂದಿ, ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ಕೆಲಸದ ಸೂಚನೆಗಳನ್ನು ಕನ್ನಡಕ್ಕೆ ತರುವ ಅನುವಾದಕರು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಪದದ ಅರ್ಥದ ಜೊತೆಗೆ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಅಲ್ಲಲ್ಲಿ ವಿವರಿಸಬೇಕಾಗಿ ಬಂದಿದೆ. ಈ ಕ್ಷೇತ್ರದ ಹೆಸರುಗಳಲ್ಲಿ ಹೆಚ್ಚಿನವು ಕೆಲಸದಿಂದಲೇ ಹುಟ್ಟಿಕೊಂಡಿವೆ.

ಸೀಲ್, ಗ್ಯಾಸ್ಕೆಟ್, ಪ್ಯಾಕಿಂಗ್ ಮೂರೂ ಒಂದೇ ಅಲ್ಲವೇ?

ಅಲ್ಲ. ಸೀಲ್ ಎಂಬುದು ಮನೆತನದ ಹೆಸರು. ಒಳಗಿರುವ ದ್ರವ ಅಥವಾ ಅನಿಲ ಹೊರಗೆ ಬಾರದಂತೆ, ಹೊರಗಿನ ಗಾಳಿ ಅಥವಾ ದೂಳು ಒಳಗೆ ಹೋಗದಂತೆ ತಡೆಯುವ ಯಾವ ಭಾಗವನ್ನಾದರೂ ಸೀಲ್ ಎನ್ನಬಹುದು. ಆ ಮನೆತನದಲ್ಲಿ ಎರಡು ಕವಲುಗಳಿವೆ. ಎದುರುಬದುರಾಗಿ ಬಿಗಿದಿಟ್ಟ ಎರಡು ಮೇಲ್ಮೈಗಳು ಅಲುಗಾಡದೆ ಇರುವಾಗ ಅವುಗಳ ನಡುವಿನ ಸಂದನ್ನು ಮುಚ್ಚುವುದು ಸ್ಥಿರ ಸೀಲ್, ಮತ್ತು ಪೈಪಿನ ತುದಿಯಲ್ಲಿದ್ದು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಗಳಾದ ಫ್ಲ್ಯಾಂಜ್‌ಗಳ ನಡುವೆ ಕೂರುವ ಗ್ಯಾಸ್ಕೆಟ್ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಒಂದು ಭಾಗ ತಿರುಗುತ್ತಲೋ ಹಿಂದೆಮುಂದೆ ಸರಿಯುತ್ತಲೋ ಇರುವಾಗ ಅದರ ಸುತ್ತಲಿನ ಸಂದನ್ನು ಕಾಯುವುದು ಚಲನ ಸೀಲ್. ಪಂಪಿನ ಶಾಫ್ಟ್ ಸುತ್ತ ತುಂಬುವ ಗ್ಲಾಂಡ್ ಪ್ಯಾಕಿಂಗ್, ಮೆಕ್ಯಾನಿಕಲ್ ಸೀಲ್, ಗೇರ್‌ಬಾಕ್ಸಿನ ಆಯಿಲ್ ಸೀಲ್ ಎಲ್ಲವೂ ಈ ಕವಲಿಗೆ ಸೇರುತ್ತವೆ.

ಮನೆಯ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಮೊದಲನೆಯ ಬಗೆಯದು: ಮುಚ್ಚಳ ಕೂತ ಮೇಲೆ ಅಲ್ಲಿ ಯಾವುದೂ ಚಲಿಸುವುದಿಲ್ಲ. ಹಳ್ಳಿಯ ಬೋರಿನ ಕೈಪಂಪಿನೊಳಗೆ ಮೇಲೆ ಕೆಳಗೆ ಓಡಾಡುವ ಬಟ್ಟಲಿನಂಥ ವಾಷರ್ ಎರಡನೆಯ ಬಗೆಯದು. ಇಂಡಿಯಾ ಮಾರ್ಕ್ 2 ಪಂಪಿನಲ್ಲಿ ಅದು ಮೊದಲು ಚರ್ಮದ್ದಾಗಿತ್ತು, ಆಮೇಲೆ ನೈಟ್ರೈಲ್ ರಬ್ಬರಿನದು ಬಂತು. ಹೆಸರಿನಲ್ಲಿ ಸಂದೇಹ ಬಂದಾಗಲೆಲ್ಲ 'ಇಲ್ಲಿ ಏನು ಚಲಿಸುತ್ತಿದೆ?' ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ನಮ್ಮಲ್ಲಿ ಎಲ್ಲವನ್ನೂ 'ಪ್ಯಾಕಿಂಗ್' ಎಂದೇ ಕರೆಯುತ್ತಾರೆ. ಅದರಿಂದ ತೊಂದರೆ ಏನು?

ಬಾಯಿಮಾತಿನಲ್ಲಿ ತೊಂದರೆಯಿಲ್ಲ, ಏಕೆಂದರೆ ಎದುರಿಗಿರುವವರಿಗೆ ಕೆಲಸ ಯಾವುದೆಂದು ಗೊತ್ತಿರುತ್ತದೆ. ತೊಂದರೆ ಆರಂಭವಾಗುವುದು ಮಾತು ಕಾಗದಕ್ಕೆ ಇಳಿದಾಗ. ನಾನು ತರಬೇತಿಯಲ್ಲಿದ್ದಾಗ, ಕಬ್ಬು ನುರಿಸುವ ಹಂಗಾಮು ಮುಗಿದು ಯಂತ್ರಗಳ ದುರಸ್ತಿ ನಡೆದಿದ್ದ ಒಂದು ಸಕ್ಕರೆ ಕಾರ್ಖಾನೆಯಲ್ಲಿ, 6 ಇಂಚಿನ ಸ್ಟೀಮ್ ಲೈನಿನ ನಾಲ್ಕು ಫ್ಲ್ಯಾಂಜ್‌ಗಳಿಗೆಂದು, ಸ್ಟೋರ್ಸಿನಿಂದ ಸಾಮಾನು ತರಿಸುವ ಇಂಡೆಂಟ್ ಚೀಟಿಯಲ್ಲಿ 'ಪ್ಯಾಕಿಂಗ್ – 6 – 4' ಎಂದು ಬರೆದು ಕಳಿಸಿದ್ದೆ. ಮಧ್ಯಾಹ್ನ ಹೆಲ್ಪರ್ ಹುಡುಗ ಹೆಗಲ ಮೇಲೆ ಹೊತ್ತು ತಂದದ್ದು 6 ಮಿ.ಮೀ. ಚೌಕದ ಗ್ರಾಫೈಟ್ ಹಗ್ಗದ ಸುರುಳಿ, ತೂಕ ಸರಿಯಾಗಿ 4 ಕೆ.ಜಿ. ಸ್ಟೋರ್ಸಿನವರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಗ್ಲಾಂಡ್ ಪ್ಯಾಕಿಂಗ್ ಅನ್ನು ಮಿಲಿಮೀಟರಿನಲ್ಲಿ ಅಳೆದು ಕಿಲೋ ಲೆಕ್ಕದಲ್ಲಿ ಕೊಡುವುದು ಎಲ್ಲ ಕಡೆಯ ರೂಢಿ, ಗ್ಯಾಸ್ಕೆಟ್ ಅನ್ನು ಇಂಚಿನಲ್ಲಿ ಹೇಳಿ ಎಣಿಸಿ ಕೊಡುವುದೂ ಅಷ್ಟೇ ರೂಢಿ, ಮತ್ತು ನಾನು ಬರೆದ ಪದ ಮೊದಲನೆಯದಕ್ಕೆ ಹೊಂದುವಂಥದ್ದಾಗಿತ್ತು.

ಇವುಗಳಿಗೆ ಕನ್ನಡದಲ್ಲಿ ಪದಗಳಿಲ್ಲವೇ? 'ಮೊಹರು' ಎಂದು ಬರೆಯಬಹುದೇ?

ಮೊಹರು, ಮುದ್ರೆ ಎಂಬ ಪದಗಳು ಅರಗು ಹಚ್ಚಿ ಒತ್ತುವ ಅಥವಾ ಕಾಗದದ ಮೇಲೆ ಹಾಕುವ ಸೀಲಿಗೆ ಸಲ್ಲುತ್ತವೆ. ಪಂಪಿನ ಕೈಪಿಡಿಯ ಅನುವಾದದಲ್ಲಿ 'ಯಾಂತ್ರಿಕ ಮುದ್ರೆಯನ್ನು ಬದಲಿಸಿ' ಎಂದು ಓದಿದ ಫಿಟ್ಟರ್ ನಗದೆ ಬೇರೇನು ಮಾಡಿಯಾನು? ವಸ್ತುಗಳ ಹೆಸರನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆದು, ಅವು ಮಾಡುವ ಕೆಲಸ ಮತ್ತು ಅವುಗಳಿಗೆ ಒದಗುವ ಪಾಡನ್ನು ಕನ್ನಡ ಕ್ರಿಯಾಪದಗಳಲ್ಲಿ ಹೇಳುವುದು ಸರಿಯೆಂಬುದು ನನ್ನ ಅಭಿಪ್ರಾಯ. ಫ್ಲ್ಯಾಂಜ್ ಫ್ಲ್ಯಾಂಜ್ ಆಗಿಯೇ ಇರಲಿ. ಆದರೆ ಅದು ಬಾಗುತ್ತದೆ, ಸವೆಯುತ್ತದೆ, ಅದರ ಸಂದು ಬಾಯಿಬಿಡುತ್ತದೆ.

ಕೆಲವು ಕಡೆ ಕನ್ನಡದ್ದೇ ಪದ ಮೂಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಬೆಲ್ಲೋಸ್ ಎಂದರೆ ಕುಲುಮೆಯ ತಿದಿ. ಹಿಗ್ಗಿ ಕುಗ್ಗುವ ಆ ಚರ್ಮದ ಚೀಲವನ್ನು ಕಂಡವರಿಗೆ ಲೋಹದ ಬೆಲ್ಲೋಸ್ ಏನು ಮಾಡುತ್ತದೆಂದು ಬೇರೆ ಹೇಳಬೇಕಿಲ್ಲ. ಬೆಲ್ಲೋಸಿನ ಒಂದೊಂದು ಮಡಿಕೆಗೆ ಸೀರೆಯ 'ನೆರಿಗೆ' ಎಂಬ ಪದ ತಾನಾಗಿಯೇ ಹೊಂದುತ್ತದೆ. ಮುಂದಿನ ಉತ್ತರಗಳಲ್ಲಿ ಅದನ್ನೇ ಬಳಸಿದ್ದೇನೆ.

ಸೋರಿಕೆಯ ವರದಿಯಲ್ಲಿ ಎಲ್ಲಕ್ಕೂ 'ಲೀಕೇಜ್' ಎಂದು ಬರೆದರೆ ಸಾಲದೇ?

ಸಾಲದು, ಮತ್ತು ಇಲ್ಲಿ ಕನ್ನಡಕ್ಕೆ ಯಾರ ಬಳಿಯೂ ಕಡ ಕೇಳುವ ಅಗತ್ಯವಿಲ್ಲ. ಮೇಲ್ಮೈ ಒದ್ದೆಯಾಗಿದೆ, ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಒದ್ದೆಯಾಗುತ್ತದೆ, ಆದರೆ ಹನಿ ಕಟ್ಟುವುದಿಲ್ಲ ಎಂದಾದರೆ ಅದು ಒಸರುವುದು ಅಥವಾ ಜಿನುಗುವುದು. ಹನಿ ಕಟ್ಟಿ ಒಂದೊಂದಾಗಿ ಬೀಳುತ್ತಿದ್ದರೆ ತೊಟ್ಟಿಕ್ಕುವುದು. ಆಗ ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಿ ಬರೆಯಬೇಕು. ಹನಿಗಳು ಕೂಡಿ ಎಳೆಯಾಗಿ ಇಳಿದರೆ ಸುರಿಯುವುದು, ಒತ್ತಡದಿಂದ ದೂರಕ್ಕೆ ಹಾರಿದರೆ ಚಿಮ್ಮುವುದು. 'ಗ್ಲಾಂಡ್ ನಿಮಿಷಕ್ಕೆ 30 ಹನಿ ತೊಟ್ಟಿಕ್ಕುತ್ತಿದೆ' ಎಂಬ ಟಿಪ್ಪಣಿಯನ್ನು ಓದಿದ ಮುಂದಿನ ಪಾಳಿಯವರು ನೆಮ್ಮದಿಯಿಂದ ಇರಬಹುದು; 'ಗ್ಲಾಂಡ್ ಲೀಕೇಜ್ ಇದೆ' ಎಂದರೆ ಅವರು ಟಾರ್ಚ್ ಹಿಡಿದು ಓಡಲೇಬೇಕು.

ಫ್ಲ್ಯಾಂಜಿನ ಮೇಲಿರುವ ಆರ್.ಎಫ್., ಎಫ್.ಎಫ್., ಆರ್.ಟಿ.ಜೆ. ಎಂದರೇನು?

ಇವು ಗ್ಯಾಸ್ಕೆಟ್ ಕೂರುವ ಮುಖದ ಆಕಾರವನ್ನು ಹೇಳುತ್ತವೆ. ಎಫ್.ಎಫ್. (ಫ್ಲ್ಯಾಟ್ ಫೇಸ್) ಎಂದರೆ ಇಡೀ ಮುಖ ಒಂದೇ ಸಮತಟ್ಟು, ಬೋಲ್ಟ್ ತೂತುಗಳನ್ನೂ ಒಳಗೊಂಡು. ಅದಕ್ಕೆ ಬಳಸುವ ಗ್ಯಾಸ್ಕೆಟ್ಟಿನಲ್ಲಿಯೂ ಬೋಲ್ಟ್ ತೂತುಗಳಿರುತ್ತವೆ. ಆರ್.ಎಫ್. (ರೈಸ್ಡ್ ಫೇಸ್) ಎಂದರೆ ನಡುವಿನ ವೃತ್ತ ತುಸು ಎತ್ತರದಲ್ಲಿದೆ. ಫ್ಲ್ಯಾಂಜಿನ ಒತ್ತಡದ ದರ್ಜೆಯಾದ ಕ್ಲಾಸ್ 150 ಮತ್ತು 300ರಲ್ಲಿ ಆ ಎತ್ತರ ಒಂದು ಇಂಚಿನ ಹದಿನಾರನೇ ಒಂದು ಭಾಗ, ಅದಕ್ಕೆ ಮೇಲಿನ ಕ್ಲಾಸ್‌ಗಳಲ್ಲಿ ಕಾಲು ಇಂಚು. ಈ ಎತ್ತರದ ಮುಖದ ಮೇಲೆ ಬೆರಳಾಡಿಸಿದರೆ ಹಳೆಯ ಗ್ರಾಮೋಫೋನ್ ತಟ್ಟೆಯಲ್ಲಿರುವಂಥ ಸಣ್ಣ ಗೀರುಗಳು ತಾಕುತ್ತವೆ. ಹೊಸಬರು ಅದನ್ನು ದೋಷವೆಂದು ತಿಳಿದು ಎಮೆರಿ ಕಾಗದದಿಂದ ಉಜ್ಜಿ ನುಣುಪಾಗಿಸಿದ್ದನ್ನು ಕಂಡಿದ್ದೇನೆ. ಗ್ಯಾಸ್ಕೆಟ್ ಜಾರದೆ ಕಚ್ಚಿಕೊಳ್ಳಲೆಂದೇ ಆ ಗೀರುಗಳನ್ನು ಕೊರೆದಿರುತ್ತಾರೆ. ಅವುಗಳ ಒರಟುತನ ಸಾಮಾನ್ಯವಾಗಿ 3.2ರಿಂದ 6.3 ಮೈಕ್ರಾನ್.

ಆರ್.ಟಿ.ಜೆ. (ರಿಂಗ್ ಟೈಪ್ ಜಾಯಿಂಟ್) ಮುಖದಲ್ಲಿ ಆಳವಾದ ತೋಡು ಇದ್ದು ಅದರೊಳಗೆ ಲೋಹದ ಉಂಗುರ ಕೂರುತ್ತದೆ. ಉಂಗುರದ ಲೋಹ ಫ್ಲ್ಯಾಂಜಿಗಿಂತ ಮೆದುವಾಗಿರಬೇಕು. ನಜ್ಜಾಗುವ ಸರದಿ ಉಂಗುರದ್ದು. ಅಳತೆಯನ್ನು ಆರ್-45 ಎಂಬಂತೆ ಸಂಖ್ಯೆಯಲ್ಲಿ ಹೇಳುತ್ತಾರೆ: 6 ಇಂಚಿನ ಕ್ಲಾಸ್ 600 ಫ್ಲ್ಯಾಂಜಿಗೆ ಬರುವುದು ಅದೇ ಉಂಗುರ.

ಒಂದು ಎಚ್ಚರಿಕೆ. ಪಂಪಿನ ಫ್ಲ್ಯಾಂಜ್ ಎರಕದ ಕಬ್ಬಿಣದ್ದಾಗಿ ಎಫ್.ಎಫ್. ಆಗಿದ್ದು, ಪೈಪಿನ ಕಡೆಯದು ಆರ್.ಎಫ್. ಉಕ್ಕಿನದ್ದಾಗಿದ್ದರೆ, ಬೋಲ್ಟ್ ಬಿಗಿಯುವಾಗ ಎರಕದ ಫ್ಲ್ಯಾಂಜಿನ ಅಂಚು ಆಸರೆಯಿಲ್ಲದೆ ಬಾಗಿ ಸೀಳುವ ಅಪಾಯವಿದೆ. ಅಂಥಲ್ಲಿ ಉಕ್ಕಿನ ಫ್ಲ್ಯಾಂಜಿನ ಉಬ್ಬನ್ನು ಕಡೆದು ಸಮಗೊಳಿಸಿ, ಪೂರ್ಣಮುಖದ ಗ್ಯಾಸ್ಕೆಟ್ ಹಾಕುವುದು ವಾಡಿಕೆ.

'150 ಪೌಂಡಿನ ಫ್ಲ್ಯಾಂಜ್' ಎಂದರೆ 150 ಪಿ.ಎಸ್.ಐ. (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ತಡೆಯುತ್ತದೆ ಎಂದೇ?

ಇದು ತುಂಬ ಹಳೆಯ ತಪ್ಪುಗ್ರಹಿಕೆ. ಕ್ಲಾಸ್ ಎಂಬುದು ಒಂದು ಗುಂಪಿನ ಹೆಸರು; ಆ ಗುಂಪಿನ ಫ್ಲ್ಯಾಂಜ್ ಎಷ್ಟು ಒತ್ತಡ ತಡೆಯುತ್ತದೆಂಬುದು ಲೋಹವನ್ನೂ ತಾಪವನ್ನೂ ಅವಲಂಬಿಸಿದೆ. ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘದ ಎ.ಎಸ್.ಎಂ.ಇ. ಬಿ16.5 ಮಾನಕದ ಪ್ರಕಾರ ಸಾಧಾರಣ ಕಾರ್ಬನ್ ಉಕ್ಕಿನ ಕ್ಲಾಸ್ 150 ಫ್ಲ್ಯಾಂಜ್ 38 ಡಿಗ್ರಿ ಸೆಲ್ಸಿಯಸ್‌ವರೆಗೆ 19.6 ಬಾರ್, ಅಂದರೆ ಸುಮಾರು 285 ಪಿ.ಎಸ್.ಐ. ತಡೆಯುತ್ತದೆ. ಅದೇ ಫ್ಲ್ಯಾಂಜ್ 200 ಡಿಗ್ರಿಯಲ್ಲಿ 13.8 ಬಾರ್, 300 ಡಿಗ್ರಿಯಲ್ಲಿ 10.2 ಬಾರ್‌ಗೆ ಇಳಿಯುತ್ತದೆ.

ಸಿ.ಎ.ಎಫ್. ಮತ್ತು ಸಿ.ಎನ್.ಎ.ಎಫ್. ಹಾಳೆಗಳ ವ್ಯತ್ಯಾಸವೇನು?

ಮೊದಲನೆಯದು (ಕಂಪ್ರೆಸ್ಡ್ ಆಸ್ಬೆಸ್ಟಾಸ್ ಫೈಬರ್) ಆಸ್ಬೆಸ್ಟಾಸ್ ನಾರನ್ನು ರಬ್ಬರಿನೊಡನೆ ಕಲಸಿ ಒತ್ತಿ ಮಾಡಿದ ಹಾಳೆ, ಎರಡನೆಯದರಲ್ಲಿ (ಕಂಪ್ರೆಸ್ಡ್ ನಾನ್-ಆಸ್ಬೆಸ್ಟಾಸ್ ಫೈಬರ್) ಆಸ್ಬೆಸ್ಟಾಸ್ ಬದಲು ಅರಾಮಿಡ್, ಗಾಜು ಅಥವಾ ಇತರ ನಾರು. ಸಿ.ಎ.ಎಫ್. ಹಾಳೆಗೆ ಭಾರತೀಯ ಮಾನಕ ಐ.ಎಸ್. 2712; ಅದರಲ್ಲಿ 'ಡಬ್ಲ್ಯೂ' ಗುಂಪು ನೀರು ಮತ್ತು ಉಗಿಗೆ, 'ಓ' ಗುಂಪು ಎಣ್ಣೆಗೆ. ಆಸ್ಬೆಸ್ಟಾಸಿನ ಸೂಕ್ಷ್ಮ ನಾರು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಬಳಿಕ ಆಸ್ಬೆಸ್ಟೋಸಿಸ್, ಮೀಸೊಥೀಲಿಯೋಮಾ ಎಂಬ ಕ್ಯಾನ್ಸರ್ ಮುಂತಾದ ಕಾಯಿಲೆಗಳು ಬರುತ್ತವೆ. ಬಿಳಿ ಆಸ್ಬೆಸ್ಟಾಸ್ ನಮ್ಮ ದೇಶದಲ್ಲಿ ಪೂರ್ತಿ ನಿಷೇಧವಾಗಿಲ್ಲದ ಕಾರಣ ಹಳೆಯ ಸ್ಟೋರ್ಸ್‌ಗಳಲ್ಲಿ ಈ ಹಾಳೆಗಳು ಇನ್ನೂ ಸಿಗುತ್ತವೆ.

ಹಾಳೆಗಿಂತ ಹೆಚ್ಚು ಹೆದರಬೇಕಾದದ್ದು ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆಯುವ ಹೊತ್ತಿಗೆ. ಫ್ಲ್ಯಾಂಜಿಗೆ ಸುಟ್ಟು ಅಂಟಿದ ತುಂಡನ್ನು ಒಣದಾಗಿ ಗ್ರೈಂಡರ್ ಅಥವಾ ತಂತಿ ಬ್ರಷ್ ಹಾಕಿ ಉಜ್ಜಬಾರದು. ನೀರು ಚಿಮುಕಿಸಿ, ಹಿತ್ತಾಳೆಯ ಸ್ಕ್ರೇಪರ್‌ನಿಂದ ಎಬ್ಬಿಸಿ, ತುಂಡುಗಳನ್ನು ಚೀಲದಲ್ಲಿ ಕಟ್ಟಿ ಹೊರಗೆ ಹಾಕಬೇಕು. ಮುಖಕ್ಕೆ ಕಟ್ಟಿದ ಕರ್ಚೀಫಿನಿಂದ ಯಾವ ರಕ್ಷಣೆಯೂ ಇಲ್ಲ.

ಸ್ಪೈರಲ್ ವೂಂಡ್ ಗ್ಯಾಸ್ಕೆಟ್ಟಿನ ಅಂಚಿಗೆ ಬಳಿದ ಬಣ್ಣಗಳ ಅರ್ಥವೇನು?

ಈ ಗ್ಯಾಸ್ಕೆಟ್ಟಿನ ನಡುಭಾಗದಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂತೆ ಮಡಿಚಿದ ತೆಳು ಉಕ್ಕಿನ ಪಟ್ಟಿಯನ್ನು ಗ್ರಾಫೈಟ್ ಅಥವಾ ಟೆಫ್ಲಾನ್ ಪಟ್ಟಿಯ ಜೊತೆಗೆ ಸುರುಳಿಯಾಗಿ ಸುತ್ತಿರುತ್ತಾರೆ. ಉಕ್ಕು ಸ್ಪ್ರಿಂಗಿನಂತೆ ಮರುಒತ್ತಡ ಕೊಡುತ್ತದೆ, ಮೆದುವಾದ ಫಿಲ್ಲರ್ ಸಂದನ್ನು ಮುಚ್ಚುತ್ತದೆ. ಸುತ್ತ ಇರುವ ಹೊರಬಳೆ ಗ್ಯಾಸ್ಕೆಟ್ ಅನ್ನು ಬೋಲ್ಟುಗಳ ನಡುವೆ ಸರಿಯಾಗಿ ಕೂರಿಸುವುದರ ಜೊತೆಗೆ, ಮಿತಿ ಮೀರಿ ನಜ್ಜಾಗದಂತೆಯೂ ತಡೆಯುತ್ತದೆ: ಸಾಮಾನ್ಯವಾಗಿ ಸುರುಳಿಯ ದಪ್ಪ 4.5 ಮಿ.ಮೀ., ಹೊರಬಳೆಯ ದಪ್ಪ ಸುಮಾರು 3 ಮಿ.ಮೀ., ಬಿಗಿದಾಗ ಸುರುಳಿ 3.3 ಮಿ.ಮೀ. ಆಸುಪಾಸಿಗೆ ಬರಬೇಕು. ಒಳಬಳೆ ಇದ್ದರೆ ಸುರುಳಿ ಒಳಮುಖವಾಗಿ ಕುಸಿಯುವುದು ತಪ್ಪುತ್ತದೆ.

ಬಣ್ಣಗಳು ಎ.ಎಸ್.ಎಂ.ಇ. ಬಿ16.20 ಮಾನಕದವು. ಅಂಚಿನ ಸುತ್ತ ಪೂರ್ತಿ ಬಳಿದ ಬಣ್ಣ ಸುರುಳಿಯ ಲೋಹವನ್ನು ಹೇಳುತ್ತದೆ, ಅದರ ಮೇಲೆ ಬಿಟ್ಟುಬಿಟ್ಟು ಹಾಕಿದ ಪಟ್ಟೆಗಳು ಫಿಲ್ಲರ್ ಯಾವುದೆಂದು ಹೇಳುತ್ತವೆ. ಎಸ್.ಎಸ್. (ಸ್ಟೇನ್‌ಲೆಸ್ ಉಕ್ಕು) 304ಕ್ಕೆ ಹಳದಿ, 316ಕ್ಕೆ ಹಸಿರು. ಗ್ರಾಫೈಟ್‌ಗೆ ಬೂದು ಪಟ್ಟೆ, ಟೆಫ್ಲಾನ್‌ಗೆ ಬಿಳಿ ಪಟ್ಟೆ. ಹಾಗಾಗಿ ಹಸಿರು ಅಂಚಿನ ಮೇಲೆ ಬೂದು ಪಟ್ಟೆಗಳಿದ್ದರೆ ಕೈಯಲ್ಲಿರುವುದು 316 ಮತ್ತು ಗ್ರಾಫೈಟ್. ಕತ್ತಲ ಪೈಪ್ ರ‍್ಯಾಕಿನ ಮೇಲೆ, ಕೈಗೆ ಗ್ರೀಸ್ ಮೆತ್ತಿಕೊಂಡಿರುವಾಗ, ಕೊರೆದ ಅಕ್ಷರಕ್ಕಿಂತ ಇದು ಬೇಗ ಕಾಣುತ್ತದೆ.

ಲೆಕ್ಕಪತ್ರಗಳಲ್ಲಿ ಬರುವ 'ಎಂ' ಮತ್ತು 'ವೈ' ಏನು?

'ವೈ' ಎಂದರೆ ಗ್ಯಾಸ್ಕೆಟ್ ಫ್ಲ್ಯಾಂಜಿನ ಗೀರುಗಳೊಳಗೆ ಇಳಿದು ಕೂರಲು ಆರಂಭದಲ್ಲಿ ಬೇಕಾದ ಒತ್ತು. ಲೈನಿನಲ್ಲಿ ಒತ್ತಡ ಇಲ್ಲದಿದ್ದರೂ ಇಷ್ಟು ಕೊಡಲೇಬೇಕು. 'ಎಂ' ಎಂದರೆ ಲೈನಿನಲ್ಲಿ ಒತ್ತಡ ಏರಿ ಫ್ಲ್ಯಾಂಜ್‌ಗಳನ್ನು ದೂರ ತಳ್ಳುವಾಗಲೂ ಗ್ಯಾಸ್ಕೆಟ್ ಮೇಲೆ ಆ ಒತ್ತಡದ ಎಷ್ಟು ಪಟ್ಟು ಒತ್ತು ಉಳಿದಿರಬೇಕು ಎಂಬ ಸಂಖ್ಯೆ. ಸ್ಟೇನ್‌ಲೆಸ್ ಉಕ್ಕಿನ ಸ್ಪೈರಲ್ ವೂಂಡ್ ಗ್ಯಾಸ್ಕೆಟ್ಟಿಗೆ ಎ.ಎಸ್.ಎಂ.ಇ. ಪಟ್ಟಿಯಲ್ಲಿ ಎಂ 3, ವೈ 10,000 ಪಿ.ಎಸ್.ಐ.; ಮೆದು ರಬ್ಬರ್ ಹಾಳೆಗೆ ಎಂ 0.5, ವೈ ಸೊನ್ನೆ. ರಬ್ಬರ್ ಇದ್ದ ಜಾಗಕ್ಕೆ 'ಇನ್ನೂ ಗಟ್ಟಿಯಾದದ್ದು ಇರಲಿ' ಎಂದು ಸ್ಪೈರಲ್ ವೂಂಡ್ ಹಾಕಿದರೆ ಬೋಲ್ಟುಗಳಿಗೆ ಅದನ್ನು ಕೂರಿಸುವ ಶಕ್ತಿಯೇ ಇಲ್ಲದೆ ಸೋರುವುದು ಈ ಕಾರಣಕ್ಕೆ.

ಸರಿಯಾಗಿ ಬಿಗಿದ ಬೋಲ್ಟುಗಳು ಮರುದಿನ ಸಡಿಲವಾಗಿ ಕಾಣುವುದೇಕೆ?

ಬೋಲ್ಟ್ ತಿರುಗಿ ಬಿಚ್ಚಿಕೊಂಡಿರುವುದಿಲ್ಲ. ಗ್ಯಾಸ್ಕೆಟ್ ಒತ್ತಿನಡಿಯಲ್ಲಿ ನಿಧಾನವಾಗಿ ತೆಳುವಾಗಿರುತ್ತದೆ. ಇದಕ್ಕೆ ಕ್ರೀಪ್ ರಿಲ್ಯಾಕ್ಸೇಷನ್ ಎನ್ನುತ್ತಾರೆ. ಟೆಫ್ಲಾನ್‌ನಲ್ಲಿ ಈ ಗುಣ ಎಷ್ಟು ಹೆಚ್ಚೆಂದರೆ ಅದಕ್ಕೆ ಕೋಲ್ಡ್ ಫ್ಲೋ ಎಂಬ ಬೇರೆಯೇ ಹೆಸರಿದೆ. ಬಿಗಿಯುವ ಕ್ರಮದಲ್ಲಿ 'ಸ್ಟಾರ್ ಪ್ಯಾಟರ್ನ್' ಎಂದರೆ ಒಂದು ಬೋಲ್ಟ್ ಆದ ಮೇಲೆ ಅದರ ಎದುರಿನದು, ಆಮೇಲೆ ಅಡ್ಡಲಾಗಿರುವ ಜೋಡಿ. ಟಾರ್ಕ್ ಅನ್ನು ಸುಮಾರು 30, 70, 100 ಶೇಕಡಾ ಎಂದು ಮೂರು ಸುತ್ತಿನಲ್ಲಿ ಏರಿಸಿ, ಕೊನೆಗೆ ಗಡಿಯಾರದ ದಿಕ್ಕಿನಲ್ಲಿ ಸಾಲಾಗಿ ಒಂದು ಸುತ್ತು ನೋಡಬೇಕು. ಬಿಸಿಯಾಗಿ ಒತ್ತಡದಲ್ಲಿರುವ ಲೈನನ್ನು ಮತ್ತೆ ಬಿಗಿಯುವುದು ಅಪಾಯದ ಕೆಲಸ. ಗ್ಯಾಸ್ಕೆಟ್ ತಯಾರಕರ ಲಿಖಿತ ಸೂಚನೆಯಿಲ್ಲದೆ ಅದಕ್ಕೆ ಕೈಹಾಕಬಾರದು.

ಬಿಚ್ಚಿದ ಗ್ಯಾಸ್ಕೆಟ್ ಚೆನ್ನಾಗಿದ್ದರೆ ಮತ್ತೆ ಹಾಕಬಹುದೇ?

ಬೇಡ.

ಓ-ರಿಂಗ್ ಕೊಳ್ಳುವಾಗ ಏನು ಹೇಳಬೇಕು? ವೈಟಾನ್ ಎಲ್ಲದಕ್ಕೂ ಆಗುತ್ತದೆಯೇ?

ಒಳವ್ಯಾಸ, ಅಡ್ಡಕೊಯ್ತದ ದಪ್ಪ, ರಬ್ಬರಿನ ಬಗೆ, ಗಡಸುತನ ಈ ನಾಲ್ಕನ್ನೂ ಹೇಳಬೇಕು. ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಕೊಡುತ್ತಾರೆ, ಹೆಚ್ಚು ಬಳಕೆಯಲ್ಲಿರುವುದು 70. ವೈಟಾನ್ ಎಂಬುದು ಎಫ್.ಕೆ.ಎಂ. ರಬ್ಬರಿನ ಒಂದು ವ್ಯಾಪಾರನಾಮ. ಎಣ್ಣೆಗೂ ಸುಮಾರು 200 ಡಿಗ್ರಿ ಶಾಖಕ್ಕೂ ಅದು ಒಳ್ಳೆಯದು, ಆದರೆ ಉಗಿಗೆ ಅದರ ಸಾಧಾರಣ ದರ್ಜೆಗಳು ಆಗಿಬರುವುದಿಲ್ಲ. ಉಗಿಗೂ ಬಿಸಿನೀರಿಗೂ ಇ.ಪಿ.ಡಿ.ಎಂ. ಎಂಬ ಇನ್ನೊಂದು ರಬ್ಬರ್ ಚೆನ್ನಾಗಿ ಬಾಳುತ್ತದೆ, ಅದೇ ಇ.ಪಿ.ಡಿ.ಎಂ. ರಿಂಗಿಗೆ ಪೆಟ್ರೋಲಿಯಂ ಎಣ್ಣೆ ತಾಕಿದರೆ ನೆನೆದ ಕಡಲೆಯಂತೆ ಉಬ್ಬಿಕೊಂಡು ತಾನು ಕೂತ ತೋಡಿನಿಂದ ಹೊರಬರುತ್ತದೆ. ದುಬಾರಿಯದ್ದೇ ಒಳ್ಳೆಯದೆಂಬ ನಂಬಿಕೆ ರಬ್ಬರಿನ ವಿಷಯದಲ್ಲಿ ನಡೆಯುವುದಿಲ್ಲ.

ಓ-ರಿಂಗಿನ ಬಗ್ಗೆ ತಿಳಿಯಬೇಕಾದ ಇನ್ನೊಂದು ಪದ ಕಂಪ್ರೆಷನ್ ಸೆಟ್: ಬಹುಕಾಲ ಅದುಮಿಟ್ಟ ರಿಂಗ್ ಬಿಟ್ಟ ಮೇಲೂ ದುಂಡಾಗದೆ ಚಪ್ಪಟೆಯಾಗಿಯೇ ಉಳಿಯುವ ಪ್ರಮಾಣ. ತಾಪ ಇಳಿದಾಗಲೂ ರಬ್ಬರ್ ಚಿಮ್ಮಿ ಮರಳುವ ಗುಣ ಕಳೆದುಕೊಳ್ಳುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಮಂದಿ ಸತ್ತದ್ದು, ಚಳಿಯಲ್ಲಿ ಬಿರುಸಾದ ಓ-ರಿಂಗ್‌ಗಳು ರಾಕೆಟ್ಟಿನ ಕೀಲಿನ ಸಂದನ್ನು ಸಮಯಕ್ಕೆ ಮುಚ್ಚದೆ ಹೋದುದರಿಂದ. ವಿಚಾರಣಾ ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಅದುಮಿ ಐಸ್ ನೀರಿನ ಲೋಟದಲ್ಲಿ ಅದ್ದಿ, ಬಿಡಿಸಿದಾಗ ಅದು ಕೂಡಲೇ ಮರಳದ್ದನ್ನು ಎಲ್ಲರೆದುರು ತೋರಿಸಿದರು.

ಆಯಿಲ್ ಸೀಲಿನ ಮೇಲೆ 35×52×7 ಎಂದಿದೆ. ಯಾವ ಮುಖ ಯಾವ ಕಡೆಗೆ?

ಶಾಫ್ಟಿನ ವ್ಯಾಸ 35, ಅದು ಕೂರುವ ತೂತಿನ ವ್ಯಾಸ 52, ಅಗಲ 7 ಮಿ.ಮೀ. ಎಂದು ಓದಬೇಕು. ಒಳತುಟಿಯನ್ನು ಒತ್ತಿಹಿಡಿಯುವ ಸಣ್ಣ ಸುರುಳಿ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ ಇರಬೇಕು. ಅದಕ್ಕೆ ಗಾರ್ಟರ್ ಸ್ಪ್ರಿಂಗ್ ಎಂದು ಹೆಸರು.

ಗ್ಲಾಂಡ್ ಪ್ಯಾಕಿಂಗಿನಿಂದ ನೀರು ತೊಟ್ಟಿಕ್ಕಲೇಬೇಕು ಎನ್ನುತ್ತಾರೆ. ನಿಜವೇ?

ಹೆಣೆದ ಸಾಂಪ್ರದಾಯಿಕ ಪ್ಯಾಕಿಂಗ್ ಇರುವ ಪಂಪಿನಲ್ಲಿ ನಿಜ. ಪ್ಯಾಕಿಂಗ್ ತಿರುಗುವ ಶಾಫ್ಟನ್ನು ಒತ್ತಿಕೊಂಡಿರುತ್ತದೆ. ನಡುವೆ ನೀರಿನ ತೆಳುಪೊರೆ ಇಲ್ಲದಿದ್ದರೆ ಉಜ್ಜಾಟದ ಶಾಖದಿಂದ ಪ್ಯಾಕಿಂಗ್ ಸುಟ್ಟು ಕಲ್ಲಾಗುತ್ತದೆ, ಶಾಫ್ಟಿಗೆ ತೊಡಿಸಿದ ಕೊಳವೆಯಾದ ಸ್ಲೀವ್ ಮೇಲೆ ತೋಡು ಬೀಳುತ್ತದೆ. ಹನಿ ಬಿದ್ದರೆ ಕೆಲಸ ಕೆಟ್ಟಿತೆಂದು ತಿಳಿದು ಗ್ಲಾಂಡ್ ನಟ್ಟನ್ನು ಕೊನೆಯವರೆಗೆ ಬಿಗಿಯುವ ಮೇಲ್ವಿಚಾರಕರಿಂದ ಹಾಳಾದಷ್ಟು ಸ್ಲೀವ್‌ಗಳು ಮರಳಿನಿಂದಲೂ ಹಾಳಾಗಿರಲಾರವು.

ಪದಗಳನ್ನು ನೋಡೋಣ. ಪ್ಯಾಕಿಂಗ್ ತುಂಬುವ ಗುಂಡಿ ಸ್ಟಫಿಂಗ್ ಬಾಕ್ಸ್. ಅದನ್ನು ಒತ್ತುವ ಬಿಲ್ಲೆ ಗ್ಲಾಂಡ್, ಕೆಲವರು ಗ್ಲಾಂಡ್ ಫಾಲೋವರ್ ಎನ್ನುತ್ತಾರೆ. ಉಂಗುರಗಳ ನಡುವೆ ಕೂತು ಹೊರಗಿನ ನೀರನ್ನು ಸುತ್ತಲೂ ಹಂಚುವ ತೂತುಳ್ಳ ಬಳೆ ಲ್ಯಾಂಟರ್ನ್ ರಿಂಗ್. ಪ್ಯಾಕಿಂಗಿನ ಅಳತೆ ತಿಳಿಯಲು ಸ್ಟಫಿಂಗ್ ಬಾಕ್ಸಿನ ಒಳವ್ಯಾಸದಿಂದ ಶಾಫ್ಟಿನ ವ್ಯಾಸವನ್ನು ಕಳೆದು ಎರಡರಿಂದ ಭಾಗಿಸಬೇಕು: 70 ಮತ್ತು 50 ಇದ್ದರೆ 10 ಮಿ.ಮೀ. ಉಂಗುರಗಳನ್ನು ಒಂದೊಂದಾಗಿ ಕತ್ತರಿಸಿ, ಒಂದೊಂದಾಗಿ ಕೂರಿಸಿ, ಕೊಯ್ತದ ಬಾಯಿಗಳು ಒಂದೇ ಸಾಲಿಗೆ ಬಾರದಂತೆ 90 ಅಥವಾ 120 ಡಿಗ್ರಿ ತಿರುಗಿಸುತ್ತ ಹೋಗಬೇಕು. ಉದ್ದ ಹಗ್ಗವನ್ನೇ ಸುರುಳಿಯಾಗಿ ಸುತ್ತಿ ತುರುಕಿದರೆ ನೀರು ಆ ಸುರುಳಿಯ ದಾರಿಯಲ್ಲೇ ಹೊರಗೆ ಬರುತ್ತದೆ.

ಮೆಕ್ಯಾನಿಕಲ್ ಸೀಲಿನಲ್ಲಿ 'ಫೇಸ್', 'ಲೈಟ್ ಬ್ಯಾಂಡ್', 'ಪ್ಲಾನ್' ಎಂಬ ಮಾತುಗಳು ಬರುತ್ತವಲ್ಲ?

ಶಾಫ್ಟಿನೊಡನೆ ತಿರುಗುವ ಒಂದು ಉಂಗುರ ಮತ್ತು ನಿಂತೇ ಇರುವ ಇನ್ನೊಂದು ಉಂಗುರ ಪರಸ್ಪರ ಒತ್ತಿಕೊಂಡಿರುವ ಮುಖಗಳೇ ಫೇಸ್. ಒಂದು ಸಾಮಾನ್ಯವಾಗಿ ಕಾರ್ಬನ್, ಇನ್ನೊಂದು ಸಿಲಿಕಾನ್ ಕಾರ್ಬೈಡ್ ಅಥವಾ ಟಂಗ್‌ಸ್ಟನ್ ಕಾರ್ಬೈಡ್. ಮುಖ ಎಷ್ಟು ಸಮತಟ್ಟಾಗಿದೆಯೆಂದು ನೋಡಲು ಹೀಲಿಯಂ ಬೆಳಕಿನಡಿ ಗಾಜಿನ ಬಿಲ್ಲೆಯಿಟ್ಟು ಪಟ್ಟೆಗಳನ್ನು ಎಣಿಸುತ್ತಾರೆ. ಒಂದು ಲೈಟ್ ಬ್ಯಾಂಡ್ ಎಂದರೆ ಸುಮಾರು 0.29 ಮೈಕ್ರಾನ್. ಅಂಥ ಮುಖವನ್ನು ಬೆರಳಿನಿಂದ ಸವರಿ ಪರೀಕ್ಷಿಸುವುದು ಕನ್ನಡಿಯನ್ನು ಮರಳುಕಾಗದದಿಂದ ಒರೆಸಿದಂತೆ.

ಪ್ಲಾನ್ ಎಂದರೆ ಸೀಲಿಗೆ ತಂಪು, ಶುದ್ಧ ದ್ರವ ಒದಗಿಸುವ ಪೈಪುಗಳ ಜೋಡಣೆ. ಒಂದೊಂದು ಜೋಡಣೆಗೂ ಒಂದು ಸಂಖ್ಯೆಯಿದ್ದು, ಈ ಸಂಖ್ಯೆಗಳು 1994ರಲ್ಲಿ ಮೊದಲು ಪ್ರಕಟವಾದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎ.ಪಿ.ಐ. 682 ಮಾನಕದ ಮೂಲಕ ಎಲ್ಲೆಡೆ ಬಳಕೆಯಲ್ಲಿವೆ. ಪ್ಲಾನ್ 11ರಲ್ಲಿ ಪಂಪಿನ ಹೊರಹರಿವಿನಿಂದಲೇ ಸ್ವಲ್ಪ ದ್ರವ ಸೀಲಿಗೆ ಬರುತ್ತದೆ, 32ರಲ್ಲಿ ಹೊರಗಿನಿಂದ ಶುದ್ಧ ದ್ರವ. ಎರಡು ಸೀಲುಗಳ ಜೋಡಿಯಲ್ಲಿ 52 ಮತ್ತು 53 ಬರುತ್ತವೆ, ಮತ್ತು ಇಲ್ಲಿಯೇ ಒಂದು ಪದಭೇದವನ್ನು ಬಿಗಿಯಾಗಿ ಹಿಡಿಯಬೇಕು: ನಡುವಿನ ದ್ರವದ ಒತ್ತಡ ಪಂಪಿನೊಳಗಿನದಕ್ಕಿಂತ ಕಡಿಮೆಯಿದ್ದರೆ ಅದು ಬಫರ್, ಹೆಚ್ಚಿದ್ದರೆ ಬ್ಯಾರಿಯರ್. ಬಫರ್ ಇದ್ದಾಗ ಒಳಸೀಲು ಕೆಟ್ಟರೆ ಪಂಪಿನ ದ್ರವ ನಡುವಿನ ತೊಟ್ಟಿಗೆ ಬರುತ್ತದೆ. ಬ್ಯಾರಿಯರ್ ಇದ್ದಾಗ ತೊಟ್ಟಿಯ ದ್ರವವೇ ಪಂಪಿನೊಳಕ್ಕೆ ಹೋಗುತ್ತದೆ. ತೊಟ್ಟಿಯ ಮಟ್ಟ ಏರಿತೇ ಇಳಿಯಿತೇ ಎಂದು ಲಾಗ್‌ಬುಕ್ಕಿನಲ್ಲಿ ಬರೆಯುವವರು ಈ ಎರಡು ಪದಗಳನ್ನು ಅದಲುಬದಲು ಮಾಡಿದರೆ ಓದಿದವರು ತಪ್ಪು ನಿರ್ಧಾರಕ್ಕೆ ಬರುತ್ತಾರೆ.

ಎಕ್ಸ್‌ಪಾನ್ಷನ್ ಜಾಯಿಂಟ್ ಮತ್ತು ಬೆಲ್ಲೋಸ್ ಎರಡೂ ಒಂದೇ ತಾನೇ?

ಬೆಲ್ಲೋಸ್ ಎಂಬುದು ನೆರಿಗೆಗಳಿರುವ ಭಾಗ ಮಾತ್ರ. ಅದಕ್ಕೆ ಬೆಸೆದ ಪೈಪಿನ ತುದಿಗಳು, ಫ್ಲ್ಯಾಂಜ್‌ಗಳು, ಒಳಗಿನ ಲೈನರ್, ರಾಡುಗಳು, ಮೇಲಿನ ಹೊದಿಕೆ ಎಲ್ಲ ಸೇರಿ ಎಕ್ಸ್‌ಪಾನ್ಷನ್ ಜಾಯಿಂಟ್. ಅದರ ಅಗತ್ಯವೇನೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಕಾರ್ಬನ್ ಉಕ್ಕು ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. 50 ಮೀಟರ್ ಉದ್ದದ ಉಗಿಯ ಪೈಪು 30 ಡಿಗ್ರಿಯಿಂದ 180 ಡಿಗ್ರಿಗೆ ಏರಿದರೆ 90 ಮಿ.ಮೀ., ಅಂದರೆ ಅಂಗೈ ಅಗಲದಷ್ಟು ಉದ್ದವಾಗುತ್ತದೆ. ಎರಡೂ ತುದಿಗಳು ಗಟ್ಟಿಯಾಗಿ ಹಿಡಿಯಲ್ಪಟ್ಟಿದ್ದರೆ ಆ 90 ಮಿ.ಮೀ. ಪೈಪನ್ನು ಬಿಲ್ಲಿನಂತೆ ಬಾಗಿಸಬೇಕು, ಇಲ್ಲವೇ ಆಧಾರಗಳನ್ನು ಕಿತ್ತುಹಾಕಬೇಕು.

ಉದ್ದಕ್ಕೆ ಹಿಗ್ಗಿ ಕುಗ್ಗುವುದು ಆಕ್ಸಿಯಲ್ ಚಲನೆ, ಎರಡು ತುದಿಗಳು ಸಮಾನಾಂತರವಾಗಿಯೇ ಪಕ್ಕಕ್ಕೆ ಸರಿಯುವುದು ಲ್ಯಾಟರಲ್, ಒಂದು ತುದಿ ಓರೆಯಾಗುವುದು ಆಂಗ್ಯುಲರ್. ಪಂಪಿನ ಬಾಯಲ್ಲಿ ನಡುಕ ತಡೆಯಲು ರಬ್ಬರಿನದು, ರಾಯಚೂರಿನಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರದ ದೊಡ್ಡ ಹೊಗೆನಾಳಗಳಲ್ಲಿ ಬಟ್ಟೆಯ ಪದರಗಳದು, ಉಗಿಯ ಲೈನಿನಲ್ಲಿ ಲೋಹದ್ದು ಎಂದು ಸ್ಥೂಲವಾಗಿ ಹೇಳಬಹುದು. ಲೋಹದ ಬೆಲ್ಲೋಸಿನ ವಿನ್ಯಾಸಕ್ಕೆ 1955ರಲ್ಲಿ ಅಮೆರಿಕದಲ್ಲಿ ಆರಂಭವಾದ ತಯಾರಕರ ಸಂಘ, ಇ.ಜೆ.ಎಂ.ಎ., ಹೊರತಂದ ಮಾನಕವನ್ನು ಬಹುತೇಕ ಎಲ್ಲರೂ ಅನುಸರಿಸುತ್ತಾರೆ.

ಪ್ರೆಷರ್ ಥ್ರಸ್ಟ್ ಎಂದರೇನು? ಟೈ ರಾಡ್ ಮತ್ತು ಲಿಮಿಟ್ ರಾಡ್ ಬೇರೆಬೇರೆಯೇ?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಬೇಕು. ಬೆಲ್ಲೋಸ್ ನೆರಿಗೆಗಳಿರುವ ಕಾರಣ ಒಳಗಿನ ಒತ್ತಡ ಅದನ್ನು ಉದ್ದಕ್ಕೆ ಹಿಗ್ಗಿಸಲು ಸದಾ ತಳ್ಳುತ್ತಿರುತ್ತದೆ. ಆ ತಳ್ಳಿನ ಬಲವೇ ಪ್ರೆಷರ್ ಥ್ರಸ್ಟ್. ಒತ್ತಡವನ್ನು ಬೆಲ್ಲೋಸಿನ ಸರಾಸರಿ ವ್ಯಾಸದ ವಿಸ್ತೀರ್ಣದಿಂದ ಗುಣಿಸಿದರೆ ಸಿಗುತ್ತದೆ. ಸರಾಸರಿ ವ್ಯಾಸ 340 ಮಿ.ಮೀ., ಒತ್ತಡ ಚದರ ಸೆಂಟಿಮೀಟರಿಗೆ 10 ಕೆ.ಜಿ. ಇದ್ದರೆ ಬಲ ಸುಮಾರು 9 ಟನ್. ನೇರ ಪೈಪಿನ ಗೋಡೆ ಇದನ್ನು ತಾನೇ ಹೊರುತ್ತದೆ, ಬೆಲ್ಲೋಸ್ ಹೊರಲಾರದು. ಆದ್ದರಿಂದ ಆಧಾರಗಳಾದರೂ ರಾಡುಗಳಾದರೂ ಅದನ್ನು ಹೊರಬೇಕು.

ಟೈ ರಾಡ್ ಈ ಬಲವನ್ನು ದಿನನಿತ್ಯ, ಸದಾ ಹೊತ್ತಿರುತ್ತದೆ. ಹಾಗಾಗಿ ಟೈ ರಾಡ್ ಇರುವ ಜಾಯಿಂಟ್ ಉದ್ದಕ್ಕೆ ಹಿಗ್ಗಲಾರದು, ಪಕ್ಕಕ್ಕಷ್ಟೇ ಸರಿಯಬಲ್ಲದು. ಲಿಮಿಟ್ ರಾಡ್ ಸಾಮಾನ್ಯ ದಿನಗಳಲ್ಲಿ ಸಡಿಲವಾಗಿದ್ದು, ಪೈಪನ್ನು ಕದಲದಂತೆ ಹಿಡಿದಿಡುವ ಆಧಾರವಾದ ಮುಖ್ಯ ಆಂಕರ್ ಮುರಿದ ದಿನ ಮಾತ್ರ ಬಲವನ್ನು ಹಿಡಿಯುತ್ತದೆ. ಲಿಮಿಟ್ ರಾಡಿನ ನಟ್ಟುಗಳು ಸಡಿಲವಾಗಿವೆಯೆಂದು ಬಿಗಿದವರು ಅದನ್ನು ಟೈ ರಾಡ್ ಮಾಡಿದಂತಾಯಿತು, ಪೈಪು ಹಿಗ್ಗುವ ದಾರಿ ಮುಚ್ಚಿತು.

ಪ್ರೆಷರ್ ಥ್ರಸ್ಟನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೊದ ಘಟನೆ ಸಾಕ್ಷಿ. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಸೀಳಿದಾಗ ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ 20 ಇಂಚಿನ ತಾತ್ಕಾಲಿಕ ಪೈಪನ್ನು ಹಾಕಿದರು. ಎರಡು ರಿಯಾಕ್ಟರುಗಳ ಮಟ್ಟ ಬೇರೆಯಾದ್ದರಿಂದ ಆ ಪೈಪನ್ನು ನಾಯಿಯ ಹಿಂಗಾಲಿನಂತೆ ಎರಡು ಕಡೆ ಬಾಗಿಸಿತ್ತು, ಎರಡೂ ತುದಿಗೆ 28 ಇಂಚಿನ ಬೆಲ್ಲೋಸ್‌ಗಳಿದ್ದವು. ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಮಾತ್ರ. ಎರಡು ತುದಿಗಳ ಬೆಲ್ಲೋಸ್‌ಗಳ ತಳ್ಳು ಒಂದೇ ರೇಖೆಯಲ್ಲಿ ಇಲ್ಲದ ಕಾರಣ ಪೈಪನ್ನು ತಿರುಚುವ ಬಲ ಹುಟ್ಟುತ್ತದೆಂಬುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ತಳ್ಳಿನ ಬಲ ಸುಮಾರು 38 ಟನ್. 1974ರ ಜೂನ್ 1ರಂದು ಪೈಪು ಕಳಚಿ, ಹೊರಬಂದ ಸೈಕ್ಲೋಹೆಕ್ಸೇನ್ ಆವಿಯ ಮೋಡ ಸ್ಫೋಟಿಸಿ 28 ಮಂದಿ ಸತ್ತರು.

ಹೊಸ ಜಾಯಿಂಟಿನ ಮೇಲೆ ಹಳದಿ ಪಟ್ಟಿಗಳನ್ನು ಬೆಸೆದಿರುತ್ತಾರೆ. ಅವು ಬಲಕ್ಕಾಗಿಯೇ?

ಅವು ಶಿಪ್ಪಿಂಗ್ ಬಾರ್‌ಗಳು. ಲಾರಿಯಲ್ಲಿ ಬರುವಾಗ ಬೆಲ್ಲೋಸ್ ಅಲುಗಾಡದಿರಲೆಂದು ಹಾಕಿದವು. ಜೋಡಣೆ ಮುಗಿದ ಮೇಲೆ, ಲೈನಿಗೆ ಒತ್ತಡ ಕೊಡುವ ಮೊದಲು ತೆಗೆಯಬೇಕು. ಟೈ ರಾಡನ್ನೂ ಇದೇ ಗುಂಪಿಗೆ ಸೇರಿಸಿ ಕತ್ತರಿಸಿಬಿಡುವವರಿದ್ದಾರೆ, ಆದ್ದರಿಂದ ಗ್ಯಾಸ್ ಕಟ್ಟರ್ ಹಿಡಿಯುವ ಮೊದಲು ನಕ್ಷೆ ನೋಡುವುದು ಕಡ್ಡಾಯ. ಲೈನರ್ ಇರುವ ಜಾಯಿಂಟಿನ ಮೇಲೆ ಹರಿವಿನ ದಿಕ್ಕಿನ ಬಾಣವಿರುತ್ತದೆ, ಅದನ್ನೂ ನೋಡಬೇಕು.

ಫ್ಲೈಓವರಿನಲ್ಲಿ ವಾಹನ ದಡಕ್ಕೆನ್ನುವ ಜಾಗವೂ ಎಕ್ಸ್‌ಪಾನ್ಷನ್ ಜಾಯಿಂಟ್ ಅಲ್ಲವೇ?

ಹೌದು, ಕಾರಣವೂ ಅದೇ, ಬಿಸಿಲಿಗೆ ಹಿಗ್ಗುವಿಕೆ. ಆದರೆ ಅಲ್ಲಿ ಒಳಗಿನ ಒತ್ತಡವಿಲ್ಲ, ಹಾಗಾಗಿ ಥ್ರಸ್ಟ್, ಟೈ ರಾಡ್ ಇವುಗಳ ಮಾತು ಅಲ್ಲಿಗೆ ಸಲ್ಲದು.

ಇಂಡೆಂಟಿನಲ್ಲಿ ಸರಿಯಾಗಿ ಬರೆಯುವುದು ಹೇಗೆ?

ಮೊದಲು ವಸ್ತುವಿನ ಪೂರ್ಣ ಹೆಸರು, ಆಮೇಲೆ ಅಳತೆ ಮತ್ತು ಕ್ಲಾಸ್, ಆಮೇಲೆ ಪ್ರತಿಯೊಂದು ಭಾಗದ ಲೋಹ ಅಥವಾ ರಬ್ಬರು, ಮಾನಕ, ಕೊನೆಗೆ ಪ್ರಮಾಣ ಮತ್ತು ಅದರ ಏಕಮಾನ ಎಂಬ ಕ್ರಮ ಅನುಕೂಲ. ಎಕ್ಸ್‌ಪಾನ್ಷನ್ ಜಾಯಿಂಟಿಗೆ ಒಂದು ಸಾಲು ಸಾಲದು. ಹರಿಯುವ ವಸ್ತು, ಒತ್ತಡ, ತಾಪ, ಮೂರು ಬಗೆಯ ಚಲನೆಗಳು ತಲಾ ಎಷ್ಟು, ಆಂಕರ್ ಎಲ್ಲಿದೆ ಎಂಬ ವಿವರಗಳ ಡೇಟಾ ಶೀಟ್ ಜೊತೆಗಿರಬೇಕು. ಗ್ಲಾಂಡಿಗೆ 'ಗ್ಲಾಂಡ್ ಪ್ಯಾಕಿಂಗ್, ಹೆಣೆದ ಗ್ರಾಫೈಟ್, 10 ಮಿ.ಮೀ. ಚೌಕ, 2 ಕೆ.ಜಿ.' ಎಂದರೆ ಸಾಕು. ನಾನು ಅಂದು ಆ ಸ್ಟೀಮ್ ಲೈನಿಗೆ ಬರೆಯಬೇಕಾಗಿದ್ದುದು ಹೀಗೆ: 'ಸ್ಪೈರಲ್ ವೂಂಡ್ ಗ್ಯಾಸ್ಕೆಟ್, 6 ಇಂಚು, ಕ್ಲಾಸ್ 300, ಆರ್.ಎಫ್. ಫ್ಲ್ಯಾಂಜಿಗೆ, ಸುರುಳಿ ಮತ್ತು ಒಳಬಳೆ ಎಸ್.ಎಸ್. 316, ಫಿಲ್ಲರ್ ಗ್ರಾಫೈಟ್, ಹೊರಬಳೆ ಕಾರ್ಬನ್ ಉಕ್ಕು, ಎ.ಎಸ್.ಎಂ.ಇ. ಬಿ16.20, ಸಂಖ್ಯೆ 4.'